ಹಿಮಗಾಲದಲ್ಲಿ ಬೈಕ್ ಮಲಗಿಸುವ ಮುನ್ನ: ಬ್ಯಾಟರಿ ಸಾಯದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ನನ್ನ ಮೊದಲ ಚಳಿಗಾಲ. ನವೆಂಬರ್ ಎರಡನೇ ವಾರ ಬೈಕಿಗೆ ಕವರ್ ಹೊದಿಸಿ, "ಮಲ್ಕೋ ಮಾರಾಯ" ಅಂತ ಸೀಟು ತಟ್ಟಿ ಲಿಫ್ಟ್ ಹತ್ತಿದೆ. ಏಪ್ರಿಲ್‌ನಲ್ಲಿ ಕವರ್ ತೆಗೆದು ಕೀ ತಿರುಗಿಸಿದರೆ ಮೀಟರಿನ ದೀಪ ಕೂಡ ಹೊತ್ತಲಿಲ್ಲ. ಊರಲ್ಲಾದರೆ ಇಬ್ಬರು ಹುಡುಗರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡುತ್ತಿದ್ದೆ. ಇದು ಫ್ಯುಯಲ್ ಇಂಜೆಕ್ಷನ್ ಗಾಡಿ. ಕಿಕ್ಕರ್ ಇಲ್ಲ. ಬ್ಯಾಟರಿ ಪೂರ್ತಿ ಸತ್ತರೆ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿಗೂ ಕರೆಂಟ್ ಇಲ್ಲ, ಎಷ್ಟು ತಳ್ಳಿದರೂ ಬೆವರು ಬರುತ್ತದೆಯೇ ಹೊರತು ಬೆಂಕಿ ಬರುವುದಿಲ್ಲ. ಹೊಸ ಬ್ಯಾಟರಿ ಕೊಂಡೆ. ತಪ್ಪು ಪೂರ್ತಿ ನನ್ನದೇ.

ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಆಯುಧಪೂಜೆಗೆ ಗಾಡಿ ತೊಳೆಯುವಾಗಲೇ ಬ್ಯಾಟರಿ ತಪಾಸಣೆ. ದೀಪಾವಳಿ ಕಳೆದ ಮೇಲೆ ಮಲಗಿಸುವುದು. ಯುಗಾದಿ ಆಗಿ ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪು ಮಳೆಗೆ ತೊಳೆದು ಹೋದ ಮೇಲೆ ಎಬ್ಬಿಸುವುದು. ನಮ್ಮ ಪಂಚಾಂಗ ಇಲ್ಲಿನ ಹಿಮಕ್ಕೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಕಳ್ಳ ಚಳಿಯಲ್ಲ

ಬ್ಯಾಟರಿ ಸತ್ತರೆ ಎಲ್ಲರೂ ಬೈಯುವುದು ಚಳಿಯನ್ನು. ನಿಜ ಹೇಳಬೇಕೆಂದರೆ, ಚಳಿ ಬ್ಯಾಟರಿಯನ್ನು ಇಳಿಸುವುದಿಲ್ಲ. ಸೀಸ-ಆಸಿಡ್ ಬ್ಯಾಟರಿ ಸುಮ್ಮನೆ ಕೂತರೂ ಒಳಗೊಳಗೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆದರೆ ಈ ಇಳಿತ ಶಾಖ ಹೆಚ್ಚಿದಷ್ಟೂ ಜಾಸ್ತಿ. ತಾಪಮಾನ 10 ಡಿಗ್ರಿ ಏರಿದರೆ ಇದರ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಅಂದರೆ ಮಂಗಳೂರಿನ ಮೇ ತಿಂಗಳಿಗಿಂತ ಟೊರೊಂಟೊದ ಜನವರಿಯಲ್ಲಿ ತಂತಿ ಬಿಚ್ಚಿಟ್ಟ ಬ್ಯಾಟರಿ ನಿಧಾನವಾಗಿ ಇಳಿಯುತ್ತದೆ.

ಹಾಗಾದರೆ ಇಳಿಸುವವರು ಯಾರು? ಕೀ ತೆಗೆದ ಮೇಲೂ ಎಚ್ಚರವಿರುವ ಸಣ್ಣಪುಟ್ಟ ಸಾಮಾನುಗಳು. ಮೀಟರಿನ ಗಡಿಯಾರ, ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ನೆನಪು, ಅಲಾರಂ, ಜಿಪಿಎಸ್ ಟ್ರ್ಯಾಕರ್, ನಾವೇ ಹಾಕಿಸಿದ ಯುಎಸ್‌ಬಿ ಚಾರ್ಜರ್. ಒಂದು ಲೆಕ್ಕ ನೋಡಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿರುವುದು 8 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ. ಅಂಥದ್ದರಿಂದ ಬರೀ 1 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 0.024, ಐದು ತಿಂಗಳಿಗೆ 3.6 ಆಂಪಿಯರ್-ಅವರ್. ಹತ್ತಿರ ಹತ್ತಿರ ಅರ್ಧ ಬ್ಯಾಟರಿ. 3 ಮಿಲಿಆಂಪಿಯರ್ ಆದರೆ ನಾಲ್ಕು ತಿಂಗಳೊಳಗೆ ಪೂರ್ತಿ ಖಾಲಿ. 10 ಮಿಲಿಆಂಪಿಯರ್ ಎಳೆಯುವ ಟ್ರ್ಯಾಕರ್ ಇದ್ದರೆ ಒಂದೇ ತಿಂಗಳು ಸಾಕು.

ಚಳಿಯ ಪಾತ್ರ ಬರುವುದು ಆಮೇಲೆ. ತುಂಬಿದ ಬ್ಯಾಟರಿಯೊಳಗಿನ ಆಸಿಡ್‌ನ ಸಾಂದ್ರತೆ ಹೆಚ್ಚಿರುತ್ತದೆ, ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಬ್ಯಾಟರಿ ಇಳಿಯುತ್ತಾ ಹೋದಂತೆ ಆಸಿಡ್ ತೆಳ್ಳಗಾಗಿ ನೀರಿನ ಗುಣಕ್ಕೆ ಬರುತ್ತದೆ. ಪೂರ್ತಿ ಇಳಿದದ್ದು ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಮಂಜುಗಡ್ಡೆ. ಗಡ್ಡೆ ಹಿಗ್ಗಿ ಒಳಗಿನ ಪ್ಲೇಟುಗಳು ಬಾಗುತ್ತವೆ, ಡಬ್ಬಿ ಬಿರಿಯುತ್ತದೆ. ಮೈನಸ್ 10 ಅಂದರೆ ನಮ್ಮ ಟೊರೊಂಟೊಗೂ ದೊಡ್ಡ ವಿಷಯವಲ್ಲ. ವಿನ್ನಿಪೆಗ್‌ನಲ್ಲಿ ಜನವರಿ ರಾತ್ರಿಗಳು ಮೈನಸ್ 20ರ ಸುತ್ತಮುತ್ತಲೇ ಇರುತ್ತವೆ.

ಹೆಪ್ಪುಗಟ್ಟದಿದ್ದರೂ ಇನ್ನೊಂದು ಕಾಟವಿದೆ. ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹರಳುಗಟ್ಟಿ ಕಲ್ಲಾಗುತ್ತದೆ. ಸ್ಟೀಲ್ ಪಾತ್ರೆಗೆ ಹಿಡಿದ ಗಡಸು ನೀರಿನ ಬಿಳಿ ಕಲೆ ಇದೆಯಲ್ಲ, ಹಾಗೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ಒಟ್ಟಿನಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ಬ್ಯಾಟರಿಗೆ ಹೊಟ್ಟೆ ತುಂಬಿಸಿ ಮಲಗಿಸುವುದು, ಕದ್ದು ಕುಡಿಯುವವರನ್ನು ದೂರ ಇಡುವುದು.

ಮೊದಲ ಹೆಜ್ಜೆ: ನಿಮ್ಮದು ಯಾವ ಜಾತಿ?

ಬೈಕುಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಹಳೇ ಕಾಲದ್ದು ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವಂಥದ್ದು. ಎರಡನೆಯದು ಸೀಲ್ ಆಗಿರುವುದು, ಮೇಲೆ ಎಂಎಫ್, ವಿಆರ್‌ಎಲ್‌ಎ ಅಥವಾ ಎಜಿಎಂ ಅಂತ ಬರೆದಿರುತ್ತದೆ. ಈಗಿನ ಹೆಚ್ಚಿನ ಬೈಕುಗಳಲ್ಲಿ ಇದೇ. ಮೂರನೆಯದು ಲಿಥಿಯಂ. ಎತ್ತಿದ ಕೂಡಲೇ ಗೊತ್ತಾಗುತ್ತದೆ, ಡಬ್ಬಿ ಖಾಲಿ ಇದೆಯೇನೋ ಅನ್ನುವಷ್ಟು ಹಗುರ.

ಇದನ್ನು ಮೊದಲೇ ತಿಳಿದುಕೊಳ್ಳಬೇಕು, ಏಕೆಂದರೆ ಚಾರ್ಜರ್ ಇದರ ಮೇಲೇ ನಿಂತಿದೆ. ಲಿಥಿಯಂ ಕಥೆ ಬೇರೆ, ಕೊನೆಯ ಕಡೆ ಹೇಳುತ್ತೇನೆ.

ಎರಡನೇ ಹೆಜ್ಜೆ: ವೋಲ್ಟೇಜ್ ನೋಡಿ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಟ್ಟು ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಮುಟ್ಟಿಸಿ. ಗಾಡಿ ಓಡಿಸಿ ಬಂದ ತಕ್ಷಣ ನೋಡಬೇಡಿ. ಆಗ ತಾನೇ ಚಾರ್ಜ್ ಆದ ಬ್ಯಾಟರಿ ಸುಳ್ಳು ಹೇಳುತ್ತದೆ, ಹೆಚ್ಚು ತೋರಿಸುತ್ತದೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ.

ಸೀಲ್ ಆದ ಎಜಿಎಂನಲ್ಲಿ 12.8 ಅಥವಾ ಅದಕ್ಕೂ ಮೇಲೆ ಬಂದರೆ ಹೊಟ್ಟೆ ತುಂಬಿದೆ. ನೀರು ಹಾಕುವ ಬಗೆಯಲ್ಲಿ 12.6ರಿಂದ 12.7 ಬಂದರೆ ತುಂಬಿದೆ ಅಂತ. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಅರ್ಧ. 12 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿ ಇದೆ" ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅದು ಹಸಿದ ಬ್ಯಾಟರಿ. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದು ಹೋಗಿರುವ ಸಾಧ್ಯತೆ ಹೆಚ್ಚು. ಅದನ್ನು ಮಲಗಿಸಿ ಪ್ರಯೋಜನವಿಲ್ಲ.

ಮೂರನೇ ಹೆಜ್ಜೆ: ಹೊಟ್ಟೆ ತುಂಬಿಸಿ

"ಕೊನೇ ದಿನ ಒಂದು ಸುತ್ತು ಹೊಡೆದು ಬಂದೆ, ಚಾರ್ಜ್ ಆಗಿರುತ್ತೆ ಬಿಡು" ಅನ್ನುವುದು ದೊಡ್ಡ ಮೋಸ. ಅಂಗಡಿಗೆ ಹೋಗಿ ಬರುವ ಹದಿನೈದು ನಿಮಿಷದಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ, ಅದರಲ್ಲೂ ಹೆಡ್‌ಲೈಟ್ ಸದಾ ಉರಿಯುವ ಗಾಡಿಗಳಲ್ಲಿ. ಚಾರ್ಜರ್ ಹಾಕಲೇಬೇಕು.

ಎಂಥ ಚಾರ್ಜರ್? ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಆಂಪಿಯರ್ ಅನ್ನುವುದು ಹಳೇ ಮೆಕ್ಯಾನಿಕ್‌ಗಳ ಲೆಕ್ಕ, ಈಗಲೂ ನಡೆಯುತ್ತದೆ. 8ರ ಬ್ಯಾಟರಿಗೆ ಸುಮಾರು 0.8 ಆಂಪಿಯರ್. ಕಾರಿನ 10 ಆಂಪಿಯರ್ ಚಾರ್ಜರ್ ಹಾಕಿದರೆ ಪುಟ್ಟ ಬ್ಯಾಟರಿ ಕುದಿಯುತ್ತದೆ. ಸ್ಮಾರ್ಟ್ ಚಾರ್ಜರ್ ಅಥವಾ ಬ್ಯಾಟರಿ ಮೇಂಟೇನರ್ ಅಂತ ಕೇಳಿ ತನ್ನಿ. ಬ್ಯಾಟರಿ ಟೆಂಡರ್, ಆಪ್ಟಿಮೇಟ್, ಸಿಟೆಕ್, ನೋಕೋ ಇವೆಲ್ಲ ಇಲ್ಲಿ ಸುಲಭವಾಗಿ ಸಿಗುತ್ತವೆ. ಇವು 14.4 ವೋಲ್ಟ್ ಆಸುಪಾಸಿಗೆ ಏರಿಸಿ ತುಂಬಿಸುತ್ತವೆ. ತುಂಬಿದ ಮೇಲೆ ತಾವಾಗಿಯೇ 13.5 ವೋಲ್ಟ್ ಹತ್ತಿರ ಇಳಿದು ಬರೀ ಸೋರಿದಷ್ಟನ್ನು ಮಾತ್ರ ತುಂಬುತ್ತವೆ. ಹಳೇ ಟ್ರಿಕಲ್ ಚಾರ್ಜರ್‌ಗೆ ಈ ಬುದ್ಧಿ ಇಲ್ಲ. ಬೇಡವೆಂದರೂ ಬಡಿಸುತ್ತಲೇ ಇರುವ ನೆಂಟರ ಮನೆಯ ಹಾಗೆ. ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿಯ ನೀರು ಒಣಗುತ್ತದೆ.

ಬೆಂಗಳೂರಿಂದ ಚಾರ್ಜರ್ ತರುವ ಯೋಚನೆ ಇದ್ದರೆ ಹಿಂದೆ ತಿರುಗಿಸಿ ಓದಿ. ಅಲ್ಲಿ 230 ವೋಲ್ಟ್, ಇಲ್ಲಿ 120. ಇನ್‌ಪುಟ್ 100ರಿಂದ 240 ಅಂತ ಬರೆದಿದ್ದರೆ ಮಾತ್ರ ಎರಡೂ ಕಡೆ ನಡೆಯುತ್ತದೆ.

ನೀರು ಹಾಕುವ ಬ್ಯಾಟರಿ ಆದರೆ ಮಟ್ಟ ನೋಡಿ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿ, ಆಮೇಲೆ ಗೆರೆವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಮಟ್ಟ ಏರಿ ಆಸಿಡ್ ಉಕ್ಕುತ್ತದೆ. ನಲ್ಲಿ ನೀರು ಬೇಡವೇ ಬೇಡ.

ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕಿಡಿ ತಾಕಿದರೆ ಸಿಡಿಯುತ್ತದೆ. ಗಾಳಿ ಆಡುವ ಜಾಗದಲ್ಲಿ ಇಡಿ. ಮೊದಲು ಕ್ಲಿಪ್ ಹಾಕಿ, ಆಮೇಲೆ ಪ್ಲಗ್ ಚುಚ್ಚಿ. ತೆಗೆಯುವಾಗ ಉಲ್ಟಾ.

ನಾಲ್ಕನೇ ಹೆಜ್ಜೆ: ಗಾಡಿಯಲ್ಲೇ ಬಿಡಬೇಕಾ, ಹೊರಗೆ ತೆಗೆಯಬೇಕಾ?

ಸ್ವಂತ ಗ್ಯಾರೇಜು, ಅದರಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನೀವು ಪುಣ್ಯವಂತರು. ಮೇಂಟೇನರ್ ಜೊತೆ ರಿಂಗ್ ಟರ್ಮಿನಲ್ ಇರುವ ಒಂದು ಸಣ್ಣ ತಂತಿ ಬರುತ್ತದೆ, ನಡುವೆ ಫ್ಯೂಸ್ ಇರುತ್ತದೆ. ಅದನ್ನು ಬ್ಯಾಟರಿಗೆ ಖಾಯಂ ಬಿಗಿದು, ತುದಿಯನ್ನು ಸೀಟಿನ ಪಕ್ಕ ಹೊರಗೆ ಬಿಡಿ. ಚಳಿಗಾಲ ಪೂರ್ತಿ ಚಾರ್ಜರ್ ಚುಚ್ಚಿಟ್ಟರಾಯಿತು. ತಿಂಗಳಿಗೊಮ್ಮೆ ಹೋಗಿ ಹಸಿರು ದೀಪ ಉರಿಯುತ್ತಿದೆಯಾ ಅಂತ ನೋಡಿ. ಯಾರಾದರೂ ವ್ಯಾಕ್ಯೂಮ್ ಕ್ಲೀನರ್ ಹಾಕಲು ಪ್ಲಗ್ ಕಿತ್ತು ಮರೆತಿರುತ್ತಾರೆ, ನಮ್ಮ ಸ್ನೇಹಿತರ ಮನೆಯಲ್ಲಿ ಹೀಗಾಗಿದೆ.

ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯಲ್ಲಿ ಬೈಕ್ ಇರುವ ನನ್ನಂಥವರಿಗೆ ಈ ಭಾಗ್ಯವಿಲ್ಲ. ಕಂಬದ ಮೇಲೆ ಪ್ಲಗ್ ಕಂಡರೂ ಕೇಳದೆ ಚುಚ್ಚಬೇಡಿ. ನಾವು ಬ್ಯಾಟರಿ ತೆಗೆದು ಮನೆಯೊಳಗೆ ತರುವುದೇ ವಾಸಿ. ಬಯಲಲ್ಲಿ ಗಾಡಿ ನಿಲ್ಲಿಸುವವರಿಗೂ ಇದೇ ಮಾತು. ಸೋಲಾರ್ ಚಾರ್ಜರ್ ಹಾಕಿದರೆ ಅಂತ ಕೇಳಬಹುದು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲಾಗುವ ಊರಲ್ಲಿ, ಮೇಲೆ ಹಿಮ ಕೂತ ಪ್ಯಾನೆಲ್ ಏನು ಕೊಟ್ಟೀತು?

ಐದನೇ ಹೆಜ್ಜೆ: ಬ್ಯಾಟರಿ ಬಿಚ್ಚುವ ಕ್ರಮ

ಕೈಗವಸು ಹಾಕಿ. ಉಂಗುರ, ಕೈಗಡಿಯಾರ ತೆಗೆದಿಡಿ. ಕೀ ಆಫ್ ಇರಲಿ. ಬಿಚ್ಚುವ ಮೊದಲು ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಐದು ತಿಂಗಳಾದ ಮೇಲೆ ಯಾವ ತಂತಿ ಯಾವುದರ ಕೆಳಗಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ.

ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಇದರಲ್ಲಿ ರಾಜಿ ಇಲ್ಲ. ಗಾಡಿಯ ಚಾಸಿ ಪೂರ್ತಿ ಮೈನಸ್‌ಗೆ ಸೇರಿದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ದೀಪಾವಳಿ ಮತ್ತೊಮ್ಮೆ ಬರುತ್ತದೆ. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಎಲ್ಲಿ ತಾಗಿದರೂ ಭಯವಿಲ್ಲ. ವಾಪಸ್ ಕೂರಿಸುವಾಗ ಇದರ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್. ಪುಟ್ಟ ಬೋಲ್ಟ್, ಅದರ ಚೌಕದ ನಟ್ಟು ಎರಡನ್ನೂ ಒಂದು ಪುಟ್ಟ ಜಿಪ್ ಕವರಿನಲ್ಲಿ ಹಾಕಿ ಬ್ಯಾಟರಿಗೇ ಅಂಟಿಸಿ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿ. ಮುಚ್ಚಳ ಇರುವ ಬ್ಯಾಟರಿಯೊಳಗೆ ಸೋಡಾ ನೀರು ಹೋಗಬಾರದು. ಆಮೇಲೆ ಟರ್ಮಿನಲ್‌ಗೆ ತೆಳ್ಳಗೆ ವ್ಯಾಸಲೀನ್.

ಹೊರಗೆ ತೆಗೆಯುವುದು ಕಷ್ಟ ಅನ್ನಿಸಿದರೆ ಕನಿಷ್ಠ ಮೈನಸ್ ತಂತಿ ಬಿಚ್ಚಿ, ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿ. ಕಳ್ಳರ ದಾರಿ ಅಲ್ಲಿಗೇ ಮುಚ್ಚಿತು. ಗಡಿಯಾರ ಮತ್ತೆ ಇಡಬೇಕಾಗುತ್ತದೆ, ಅಷ್ಟೇ.

ಆರನೇ ಹೆಜ್ಜೆ: ಎಲ್ಲಿಡುವುದು, ಎಷ್ಟು ಸಲ ನೋಡುವುದು

ತಂಪಾದ, ಒಣ ಜಾಗ. 5ರಿಂದ 15 ಡಿಗ್ರಿ ಸಿಕ್ಕರೆ ಒಳ್ಳೆಯದು. ಹೀಟರ್ ಮೇಲೆ, ಬಾಯ್ಲರ್ ಪಕ್ಕ ಬೇಡ. ನನ್ನದು ಬಾಗಿಲ ಬಳಿಯ ಬೂಟಿನ ಕಪಾಟಿನ ತಳದಲ್ಲಿ, ಪ್ಲಾಸ್ಟಿಕ್ ಟಬ್ಬಿನೊಳಗೆ ಕೂರುತ್ತದೆ. ಮನೆಯಲ್ಲಿ ಮೊದಲ ವರ್ಷ ಇದಕ್ಕೆ ಒಪ್ಪಿಗೆ ಸಿಗಲು ಚಾರ್ಜ್ ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮಕ್ಕಳಿದ್ದರೆ ಕೈಗೆ ಸಿಗದಂತೆ ಇಡಿ, ಟರ್ಮಿನಲ್‌ಗಳಿಗೆ ಟೇಪ್ ಹಾಕಿ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಅನ್ನುವುದು ಮರ, ರಬ್ಬರ್ ಡಬ್ಬಿಗಳ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ. 12.5ಕ್ಕೆ ಇಳಿದರೆ ಒಂದು ರಾತ್ರಿ ಚಾರ್ಜರ್ ಹಾಕಿ. ನಾನು ಪ್ರತಿ ತಿಂಗಳ ಬಾಡಿಗೆ ಕಟ್ಟುವ ದಿನಕ್ಕೆ ಇದನ್ನು ಗಂಟು ಹಾಕಿದ್ದೇನೆ. ಒಳ್ಳೆಯ ಎಜಿಎಂ ತಿಂಗಳಿಗೆ ನೂರರಲ್ಲಿ ಎರಡು-ಮೂರು ಭಾಗಕ್ಕಿಂತ ಜಾಸ್ತಿ ಇಳಿಯುವುದಿಲ್ಲ. ಪ್ರತಿ ತಿಂಗಳೂ ಚಾರ್ಜ್ ಕೇಳುತ್ತಿದ್ದರೆ ಅದಕ್ಕೆ ವಯಸ್ಸಾಗಿದೆ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಲದಾ?

ಎಲ್ಲರೂ ಕೊಡುವ ಸಲಹೆ ಇದು. ನನ್ನ ಅಭಿಪ್ರಾಯದಲ್ಲಿ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ, ಸೆಲ್ಫ್ ಹೊಡೆಯಲು ಹೆಚ್ಚು ಕರೆಂಟ್ ಬೇಕು. ಆದರೆ ಮೈನಸ್ 18ರಲ್ಲಿ ಬ್ಯಾಟರಿ ಕೊಡುವ ಕಸುವು ಸುಮಾರು ಅರ್ಧ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಂದ ಕರೆಂಟೆಲ್ಲ ಹೆಡ್‌ಲೈಟಿಗೆ, ಪಂಪಿಗೆ ಹೋಗುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಎಣ್ಣೆಯಲ್ಲಿ ನೀರಿನ ಪಸೆ ಉಳಿಯುತ್ತದೆ. ಇನ್ನು ಮುಚ್ಚಿದ ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಬ್ಯಾಟರಿಗಿಂತ ಜೀವ ದುಬಾರಿ ಅಲ್ವಾ?

ಕಳ್ಳ ಯಾರು ಅಂತ ಹಿಡಿಯುವುದು

ಬೇಸಿಗೆಯಲ್ಲೂ ಎರಡು ವಾರ ನಿಂತರೆ ಬ್ಯಾಟರಿ ಇಳಿಯುತ್ತಿದೆಯಾ? ಹಾಗಿದ್ದರೆ ಸೋರಿಕೆ ಅಳೆಯಿರಿ. ಮಲ್ಟಿಮೀಟರನ್ನು 10 ಆಂಪಿಯರ್ ಡಿಸಿಗೆ ಇಡಿ, ಕೆಂಪು ತಂತಿಯನ್ನು 10ಎ ತೂತಿಗೆ ಬದಲಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಒಂದು ಕಡ್ಡಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಬಿಚ್ಚಿದ ತಂತಿಗೆ. ಕೆಲವು ನಿಮಿಷ ಕಾಯಿರಿ, ಇಸಿಯು ನಿದ್ದೆಗೆ ಹೋಗಲಿ. ಅಂಕಿ ತೀರಾ ಕಮ್ಮಿ ಇದ್ದರೆ ಮಿಲಿಆಂಪಿಯರ್ ತೂತಿಗೆ ಬದಲಾಯಿಸಿ. 1-2 ಮಿಲಿಆಂಪಿಯರ್ ಮಾಮೂಲು. ಹತ್ತಿಪ್ಪತ್ತು ಬಂದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಯಾವುದು ಕಿತ್ತಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ಸಾಮಾನ್ಯವಾಗಿ ಅದು ಆಮೇಲೆ ಹಾಕಿಸಿದ ಸಾಮಾನೇ: ಟ್ರ್ಯಾಕರ್, ಫಾಗ್ ಲೈಟ್ ರಿಲೇ, ಅಲಾರಂ.

ಮೀಟರ್ ಹೀಗೆ ಜೋಡಿಸಿದಾಗ ಕೀ ಆನ್ ಮಾಡಬೇಡಿ, ಸೆಲ್ಫ್ ಒತ್ತಲೇಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಮುಂದಿನ ಸಲ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್.

ಲಿಥಿಯಂ ಇದ್ದವರಿಗೆ

ಬೈಕಿಗೆ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಂಬಿದಾಗ 13.3 ವೋಲ್ಟ್ ಸುತ್ತ ತೋರಿಸುತ್ತದೆ. ಅದರ 12.8 ಅಂದರೆ ಆಗಲೇ ಬಹಳ ಇಳಿದಿದೆ ಅಂತ. ತಾನಾಗಿ ಇಳಿಯುವುದು ತೀರಾ ಕಮ್ಮಿ, ಹಾಗಾಗಿ ತಂತಿ ಬಿಚ್ಚಿಟ್ಟರೆ ಚಳಿಗಾಲ ಕಳೆದುಬಿಡುತ್ತದೆ. ಎರಡು ಎಚ್ಚರ ಸಾಕು. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಮನೆಯೊಳಗೆ ತಂದು ಬೆಚ್ಚಗಾದ ಮೇಲೆ ಮಾಡಿ. ಲಿಥಿಯಂ ಮೋಡ್ ಇರುವ ಚಾರ್ಜರ್ ಮಾತ್ರ ಬಳಸಿ. ಸೀಸದ ಬ್ಯಾಟರಿಯ ಸಲ್ಫೇಟ್ ಒಡೆಯಲು ಹೆಚ್ಚು ವೋಲ್ಟೇಜ್ ಹೊಡೆಯುವ ಚಾರ್ಜರ್ ಇದಕ್ಕೆ ವಿಷ.

ಎಬ್ಬಿಸುವ ದಿನ

ಮೊದಲು ಬ್ಯಾಟರಿಯ ಮೈ ನೋಡಿ. ಪಕ್ಕ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಚಾರ್ಜರ್ ಹತ್ತಿರ ತರಬೇಡಿ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಸಿಡಿಯಬಹುದು. ಸರಿ ಇದ್ದರೆ ಒಂದು ರಾತ್ರಿ ಚಾರ್ಜ್ ಮಾಡಿ, ಪ್ಲಸ್ ಮೊದಲು ಮೈನಸ್ ಆಮೇಲೆ ಬಿಗಿದು, ಬೈಕನ್ನು ಬಯಲಿಗೆ ತಳ್ಳಿ ಸ್ಟಾರ್ಟ್ ಮಾಡಿ. ಸೆಲ್ಫ್ ಒತ್ತಿದಾಗ ಮೀಟರ್ ಹಿಡಿದಿದ್ದರೆ ವೋಲ್ಟೇಜ್ ಧಡಕ್ಕನೆ ಕೆಳಗಿಳಿಯುವುದು ಕಾಣುತ್ತದೆ. 10ರ ಮೇಲೆ ನಿಂತರೆ ಗಟ್ಟಿ ಆಳು. 9.5ಕ್ಕಿಂತ ಕೆಳಗೆ ಹೋದರೆ ಈ ವರ್ಷ ಹೊಸದಕ್ಕೆ ದುಡ್ಡು ಎತ್ತಿಡಿ. ಆಮೇಲೆ 4000-5000 ಆರ್‌ಪಿಎಂನಲ್ಲಿ 13.8ರಿಂದ 14.5ರ ನಡುವೆ ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಗಾಡಿಯ ಚಾರ್ಜಿಂಗ್‌ನದು. ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕಡೆ ನೋಡಿ.

ಕಾರಿನ ಬ್ಯಾಟರಿಗೆ ತಂತಿ ಜೋಡಿಸಿ ಜಂಪ್ ಸ್ಟಾರ್ಟ್ ಮಾಡಲೇಬೇಕಾದರೆ ಆ ಕಾರಿನ ಇಂಜಿನ್ ಆಫ್ ಇರಲಿ. ಸತ್ತ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕಬೇಡಿ. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಡಿ, ಒಳಗಿನ ಸೀಸಕ್ಕೆ ಬೆಲೆ ಇದೆ. ನಮ್ಮೂರಲ್ಲೂ ಅಷ್ಟೇ, ಹಳೇದು ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ.

ಊರಲ್ಲಿ ಬಿಟ್ಟುಬಂದ ಬೈಕ್

ಆನ್‌ಸೈಟ್ ಅಂತ ಬೈಕನ್ನು ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಬಿಟ್ಟುಬಂದವರಿಗೆ, ಮಲೆನಾಡಿನ ಮಳೆಗೆ ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ನಿಲ್ಲಿಸುವವರಿಗೆ ಇದೆಲ್ಲ ಹಾಗೇ ಅನ್ವಯಿಸುತ್ತದೆ. ಹೆಪ್ಪುಗಟ್ಟುವ ಭಯವೊಂದಿಲ್ಲ. ಬದಲಿಗೆ ಸೆಕೆ ಇದೆ, ತಾನಾಗಿ ಇಳಿಯುವುದು ಜಾಸ್ತಿ. ಮಳೆ ಊರಲ್ಲಿ ಟರ್ಮಿನಲ್ ಬೇಗ ಹಸಿರು ಹಿಡಿಯುತ್ತದೆ, ವ್ಯಾಸಲೀನ್ ಕೈಬಿಡಬೇಡಿ. ಇಲಿ ತಂತಿ ಕಡಿಯುವುದು ಇನ್ನೊಂದು ಪುರಾಣ.

ಮಲೆನಾಡಿನ ಸಾಗರದಲ್ಲಿ ನನ್ನ ಹಳೇ ಬೈಕ್ ಇದೆ. ಹೊರಡುವ ಮುಂಚೆ ಮೈನಸ್ ತಂತಿ ಬಿಚ್ಚಿ, ಚಿಕ್ಕಪ್ಪನ ಮಗನಿಗೆ ಒಂದು ಪುಟ್ಟ ಚಾರ್ಜರ್ ಕೊಟ್ಟು, ತಿಂಗಳಿಗೊಮ್ಮೆ ಒಂದು ರಾತ್ರಿ ಹಾಕು ಅಂದಿದ್ದೆ. ಹಾಕಿದ್ದಾನೋ ಇಲ್ಲವೋ ಅನುಮಾನ ಇತ್ತು. ಹತ್ತು ತಿಂಗಳು ಬಿಟ್ಟು ಹೋಗಿ ಮೀಟರ್ ಹಿಡಿದರೆ 12.6. ತಂತಿ ಬಿಗಿದು ಸೆಲ್ಫ್ ಹೊಡೆದೆ, ಎರಡನೇ ಸಲಕ್ಕೆ ಎದ್ದಿತು. ಎರಡೂ ಟೈರಿನಲ್ಲಿ ಗಾಳಿ ಮಾತ್ರ ಇರಲಿಲ್ಲ. ಅದನ್ನು ನೋಡು ಅಂತ ಅವನಿಗೆ ನಾನು ಹೇಳಿರಲಿಲ್ಲ.